ಒಂದು ಪದ ಮರೆತರೆ ಏನಾಗುತ್ತೆ?

ಲ್ಯಾಬ್‌ನಿಂದಾಚೆ, ಕಂತು 11. ಈ ಸಲ ಉದ್ದ ಇದೆ. ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸಲಿಲ್ಲ, 8 ಪೋಸ್ಟ್ ಆಯ್ತು. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

1/8

ಫೋಟೋದಲ್ಲಿರೋದು ನನ್ನ ಜೂನಿಯರ್ ಒಬ್ಬಳ ಲ್ಯಾಬ್ ರೆಕಾರ್ಡ್ ಪುಟ. ಅವಳನ್ನ ಕೇಳಿಯೇ ಹಾಕಿದ್ದೀನಿ. ಹೆಸರು, ಯುಎಸ್‌ಎನ್ ಎರಡನ್ನೂ ಮುಚ್ಚಿದ್ದೀನಿ.

ಹೋದ ವಾರ ಅವಳಿಗೆ ಪೈಥಾನ್ ಲ್ಯಾಬ್ ಎಕ್ಸಾಮ್ ಇತ್ತು. ಪ್ರೋಗ್ರಾಂ ಏನೂ ದೊಡ್ಡದಲ್ಲ. ಒಂದು ಫೈಲ್ ಓದಬೇಕು, ಕೊಟ್ಟ ಪದ ಎಷ್ಟು ಸಾಲಿನಲ್ಲಿ ಬಂದಿದೆ ಅಂತ ಎಣಿಸಬೇಕು. ಮೇಲೆ ಎಣಿಕೆ = 0 ಅಂತ ಬರೆದಳು. (ಅವಳ ರೆಕಾರ್ಡ್‌ನಲ್ಲಿ ಇಂಗ್ಲಿಷ್ ಹೆಸರೇ ಇದೆ, ನಾನಿಲ್ಲಿ ಕನ್ನಡದಲ್ಲಿ ಬರೀತಿದ್ದೀನಿ. ಪೈಥಾನ್ 3 ಕನ್ನಡ ಹೆಸರನ್ನ ಒಪ್ಪುತ್ತೆ, ಬೇಕಿದ್ರೆ ಟ್ರೈ ಮಾಡಿ.) ಕೆಳಗೆ ಒಂದು ಫಂಕ್ಷನ್. ಅದರೊಳಗೆ ಮೊದಲು ಪ್ರಿಂಟ್(ಎಣಿಕೆ) ಅಂತ ಒಂದೇ ಸಾಲು ಹಾಕಿ ಓಡಿಸಿದಳು. 0 ಬಂತು. ಸರಿ ಇದೆ ಅಂದ್ಕೊಂಡು ಅದರ ಕೆಳಗೆ ಎಣಿಕೆ = ಎಣಿಕೆ + 1 ಅಂತ ಸೇರಿಸಿದಳು.

ಎರರ್. ಅದೂ ಹೊಸ ಸಾಲಿನಲ್ಲಲ್ಲ, ಮೇಲಿನ ಪ್ರಿಂಟ್ ಸಾಲಿನಲ್ಲಿ! ಎರಡು ನಿಮಿಷದ ಹಿಂದೆ ಚೆನ್ನಾಗೇ ಓಡಿದ್ದ ಸಾಲು ಅದು.

ಅಳಿಸಿದಳು, ಮತ್ತೆ ಬರೆದಳು, ಸ್ಪೇಸ್ ತಪ್ಪಿರಬೇಕು ಅಂತ ಎಲ್ಲ ಸಾಲಿನ ಸ್ಪೇಸ್ ಎಣಿಸಿದಳು. ಇಪ್ಪತ್ತು ನಿಮಿಷ ಹೋಯ್ತು. ಎಕ್ಸ್‌ಟರ್ನಲ್ ಬಂದು ಸ್ಕ್ರೀನ್ ನೋಡಿ, "ಬೇಸಿಕ್ಸೇ ಇಲ್ವಲ್ಲಮ್ಮ, ಈ ಬ್ರಾಂಚ್ ಯಾಕೆ ತಗೊಂಡೆ?" ಅಂದ್ರಂತೆ. ಮುಂದಿನ ಮೇಜಿನವರಿಗೂ ಕೇಳಿಸುವ ಹಾಗೆ.

ರಾತ್ರಿ ಹಾಸ್ಟೆಲ್ ರೂಮಿಗೆ ಬಂದು ಅವಳು ಕೇಳಿದ್ದು ಒಂದೇ ಮಾತು. "ಅಕ್ಕಾ, ನನಗೆ ಇದು ಆಗಲ್ವೇನೋ ಅಲ್ವಾ?"

ಪಿಯುವರೆಗೆ ಕಂಪ್ಯೂಟರ್ ಮುಟ್ಟದೆ ಬಂದವಳು. ಬ್ರಾಂಚ್ ಬದಲಿಸೋ ಫಾರ್ಮ್ ಎಲ್ಲಿ ಸಿಗುತ್ತೆ ಅಂತ ಆಫೀಸಿನಲ್ಲಿ ವಿಚಾರಿಸಿಯೂ ಬಂದಿದ್ದಳು. ನನಗೆ ಸಿಟ್ಟು ಬಂದಿದ್ದು ಅಲ್ಲಿ. ಯಾಕಂದ್ರೆ ಅವಳು ಎಡವಿದ ಕಲ್ಲನ್ನ ದಾರಿಯ ಮಧ್ಯ ಇಟ್ಟವರು ಭಾಷೆ ಮಾಡಿದವರು. ಅದು ಕಲ್ಲು ಅಂತ ಅವರಿಗೂ ಗೊತ್ತು.

2/8

ಮೊದಲು ಆಗಿದ್ದೇನು ಅಂತ ಹೇಳಿಬಿಡ್ತೀನಿ.

ಒಂದು ಹೆಸರು ಪ್ರೋಗ್ರಾಂನಲ್ಲಿ ಎಲ್ಲಿಂದ ಎಲ್ಲಿವರೆಗೆ ಕಾಣುತ್ತೆ ಅನ್ನೋದೇ ಅದರ ಸ್ಕೋಪ್. ಪೈಥಾನ್‌ನ ನಿಯಮ ಹೀಗಿದೆ: ಫಂಕ್ಷನ್ ಒಳಗೆ ಎಲ್ಲೇ ಆಗಲಿ, ಒಂದು ಹೆಸರಿಗೆ ಬೆಲೆ ಕೊಟ್ಟರೆ ಆ ಹೆಸರು ಇಡೀ ಫಂಕ್ಷನ್‌ಗೆ ಲೋಕಲ್. ಈ ತೀರ್ಮಾನ ಸಾಲು ಸಾಲಾಗಿ ಓಡುವಾಗ ಆಗೋದಲ್ಲ, ಓಡೋಕೆ ಮುಂಚೆಯೇ ಪೂರ್ತಿ ಫಂಕ್ಷನ್ ನೋಡಿ ಆಗಿರುತ್ತೆ. ಹಾಗಾಗಿ ಕೆಳಗೆ ಎಣಿಕೆ = ಅಂತ ಬರೆದ ಕೂಡಲೇ ಮೇಲಿನ ಪ್ರಿಂಟ್ ಸಾಲಿನ ಎಣಿಕೆಯೂ ಲೋಕಲ್ ಆಯ್ತು. ಅದಕ್ಕೆ ಇನ್ನೂ ಬೆಲೆ ಕೊಟ್ಟಿಲ್ಲ. ಎರರ್.

ನಿಯಮದಲ್ಲಿ ಅರ್ಥ ಇದೆ, ಇಲ್ಲ ಅನ್ನಲ್ಲ. ಫಂಕ್ಷನ್ ಒಳಗೆ ಗೊತ್ತಿಲ್ಲದೆ ಹೊರಗಿನದನ್ನ ಕೆಡಿಸದ ಹಾಗೆ ಕಾಪಾಡುತ್ತೆ. ನನ್ನ ತಕರಾರು ಬೇರೆ. ಪೈಥಾನ್‌ನಲ್ಲಿ = ಅನ್ನೋ ಒಂದೇ ಚಿಹ್ನೆ ಎರಡು ಕೆಲಸ ಮಾಡುತ್ತೆ. ಹೊಸ ಹೆಸರು ಹುಟ್ಟಿಸೋದೂ ಅದೇ, ಇರೋ ಹೆಸರಿನ ಬೆಲೆ ಬದಲಿಸೋದೂ ಅದೇ. ಬರೆಯುವವಳ ತಲೆಯಲ್ಲಿ ಇವೆರಡೂ ಬೇರೆ ಬೇರೆ. ಅವಳು ಬದಲಿಸು ಅಂದ್ಲು, ಭಾಷೆ ಹುಟ್ಟಿಸು ಅಂತ ಕೇಳಿಸ್ಕೊಂಡಿತು.

ಇದಕ್ಕೆ ತೇಪೆ ಹಾಕೋಕೆ ಗ್ಲೋಬಲ್ ಅನ್ನೋ ಪದ ಇದೆ. ಆದರೆ ಫಂಕ್ಷನ್ ಒಳಗಿನ ಫಂಕ್ಷನ್‌ನಿಂದ ನಡುವಿನ ಹೆಸರನ್ನ ಬದಲಿಸೋಕೆ ದಾರಿಯೇ ಇರಲಿಲ್ಲ. 2008ರಲ್ಲಿ ಪೈಥಾನ್ 3 ಬಂದಾಗ ನಾನ್‌ಲೋಕಲ್ ಅನ್ನೋ ಇನ್ನೊಂದು ಪದ ಸೇರಿಸಿದರು. ಎರಡು ತೇಪೆ. ಶುರುವಿನಲ್ಲೇ ಹುಟ್ಟಿಸೋಕೆ ಒಂದು ಪದ ಇಟ್ಟಿದ್ರೆ ಎರಡೂ ಬೇಕಾಗ್ತಿರಲಿಲ್ಲ.

ಅದೇ ಕಾರಣಕ್ಕೆ ಇನ್ನೊಂದು ತೊಂದರೆ. ಒಟ್ಟು ಅಂತ ಬರೆಯೋ ಕಡೆ ಕೈತಪ್ಪಿ ಒಟು = ಅಂತ ಟೈಪ್ ಮಾಡಿ ನೋಡಿ. ಪೈಥಾನ್ ಬಾಯಿ ಬಿಡಲ್ಲ. ಸದ್ದಿಲ್ಲದೆ ಹೊಸ ಹೆಸರೊಂದು ಹುಟ್ಟುತ್ತೆ, ಉತ್ತರ ತಪ್ಪು ಬರುತ್ತೆ. ಎರರ್ ಬಂದ್ರೆ ಮಾರ್ಕ್ಸ್ ಹೋಗುತ್ತೆ, ಎರರ್ ಬರದಿದ್ರೆ ರಾತ್ರಿ ನಿದ್ದೆಯೂ ಹೋಗುತ್ತೆ.

3/8

ಸೀನಿಯರ್ ಅಂತ ನಾನೇನೂ ಬುದ್ಧಿವಂತೆ ಅಲ್ಲ. ಈ ಫೋಟೋ ನನ್ನ ಮಿನಿ ಪ್ರಾಜೆಕ್ಟ್ ಡೆಮೊ ದಿನದ್ದು. ಮುಖ ನೋಡಿದ್ರೇ ಗೊತ್ತಾಗುತ್ತೆ.

ಜಾವಾಸ್ಕ್ರಿಪ್ಟ್‌ನಲ್ಲಿ ಅಟೆಂಡೆನ್ಸ್ ಪಟ್ಟಿ. 60 ಜನರ ಹೆಸರು, ಪ್ರತಿಯೊಬ್ಬರಿಗೂ 5 ಸಬ್ಜೆಕ್ಟ್‌ನ ಸರಾಸರಿ. ಹೊರಗಿನ ಲೂಪ್ ಐ = 0 ಇಂದ 59ರವರೆಗೆ. ಅದು ಸರಾಸರಿ ಫಂಕ್ಷನ್ನನ್ನ ಕರೆಯುತ್ತೆ. ಆ ಫಂಕ್ಷನ್ ಒಳಗೂ ಒಂದು ಲೂಪ್, ಅಲ್ಲೂ ಐ, 0 ಇಂದ 4ರವರೆಗೆ. ಎರಡೂ ಕಡೆ ಐ ಹಿಂದೆ ಲೆಟ್ ಅಥವಾ ವರ್ ಬರೆಯೋದು ಮರೆತಿದ್ದೆ.

ಮರೆತರೆ ಜಾವಾಸ್ಕ್ರಿಪ್ಟ್ ಏನು ಮಾಡುತ್ತೆ? "ಇಂಥ ಹೆಸರು ಗೊತ್ತಿಲ್ಲ" ಅನ್ನಬೇಕಿತ್ತು ತಾನೇ? ಅನ್ನಲ್ಲ. ಆ ಹೆಸರನ್ನ ನೇರ ಗ್ಲೋಬಲ್ ಮಾಡಿಬಿಡುತ್ತೆ. ಎರಡು ಐ ಒಂದೇ ಆಯ್ತು.

ಈಗ ಲೆಕ್ಕ ಹಾಕಿ. ಐ 0 ಇದ್ದಾಗ ಮೊದಲನೆಯವನ ಹೆಸರು ಬಂತು. ಒಳಗಿನ ಲೂಪ್ ಮುಗಿಯೋವಾಗ ಐ 5. ಹೊರಗೆ ಬಂದು ಒಂದು ಕೂಡಿದರೆ 6. ಏಳನೆಯವನ ಹೆಸರು ಬಂತು. ಮತ್ತೆ ಒಳಗೆ ಹೋಗಿ ಐ 5, ಹೊರಗೆ ಬಂದು 6. ಮತ್ತೆ ಏಳನೆಯವನೇ. ಮತ್ತೆ. ಮತ್ತೆ. ಕನ್ಸೋಲ್‌ನಲ್ಲಿ ಅವನ ಹೆಸರಿನ ಪಕ್ಕದ ಸಂಖ್ಯೆ ಸಾವಿರ ದಾಟ್ತಾ ಇದೆ, ಟ್ಯಾಬ್ ಹೆಪ್ಪುಗಟ್ಟಿದೆ, ಪ್ರೊಜೆಕ್ಟರ್‌ನಲ್ಲಿ ಇಡೀ ಕ್ಲಾಸ್ ನೋಡ್ತಿದೆ. ಅವನಿಗೆ ಇವತ್ತಿಗೂ "ಇನ್ಫೈನೈಟ್" ಅಂತಲೇ ಅಡ್ಡಹೆಸರು. ಸಾರಿ ಕಣೋ.

ಮನೆಯಲ್ಲಿ ಆ ಫಂಕ್ಷನ್ನನ್ನ ಒಂಟಿಯಾಗಿ ಟೆಸ್ಟ್ ಮಾಡಿದ್ದೆ, ಸರಿಯಾಗೇ ಇತ್ತು. ಸ್ಕೋಪ್ ತಪ್ಪಿನ ಗುಣವೇ ಅದು. ಎರಡು ತುಂಡು ಬೇರೆ ಬೇರೆ ಇದ್ದಾಗ ಎರಡೂ ಸರಿ, ಸೇರಿಸಿದಾಗ ಹೋಯ್ತು.

4/8

"ರೂಲ್ ಗೊತ್ತಿದ್ರೆ ಈ ಸಮಸ್ಯೆಯೇ ಇಲ್ಲ, ಕಲೀರಿ" ಅನ್ನೋರು ಕಾಮೆಂಟ್‌ಗೆ ಬರ್ತಾರೆ ಅಂತ ಗೊತ್ತು. ಅದಕ್ಕೇ ಸ್ವಲ್ಪ ಇತಿಹಾಸ.

ಜಾವಾಸ್ಕ್ರಿಪ್ಟ್‌ನ ಮೊದಲ ರೂಪವನ್ನ ಬ್ರೆಂಡನ್ ಐಕ್ ನೆಟ್‌ಸ್ಕೇಪ್‌ನಲ್ಲಿ 1995ರ ಮೇ ತಿಂಗಳಲ್ಲಿ ಹತ್ತೇ ದಿನದಲ್ಲಿ ಬರೆದರು. ಅವಸರ ಅರ್ಥ ಆಗುತ್ತೆ. ಆದರೆ ಹೆಸರನ್ನ ಮೊದಲು ಡಿಕ್ಲೇರ್ ಮಾಡಿಸ್ಕೋಬೇಕು, ಬಿಗಿನ್ ಮತ್ತು ಎಂಡ್ ನಡುವೆ ಹುಟ್ಟಿದ ಹೆಸರು ಅಲ್ಲೇ ಮುಗಿಯಬೇಕು ಅನ್ನೋದು ಆಗ ಹೊಸ ವಿಚಾರವೇ ಅಲ್ಲ. ಆಲ್ಗಾಲ್ 60ರಲ್ಲೇ ಇತ್ತು. ಹೆಸರಿನಲ್ಲಿರೋ 60 ಅಂದ್ರೆ 1960. ನಮ್ಮ ಅಜ್ಜಂದಿರು ಶಾಲೆಗೆ ಹೋಗ್ತಿದ್ದ ಕಾಲ.

ಮರೆತರೆ ಗ್ಲೋಬಲ್ ಆಗೋದನ್ನ ತಡೆಯೋಕೆ ಸ್ಟ್ರಿಕ್ಟ್ ಮೋಡ್ ಬಂದಿದ್ದು 2009ರಲ್ಲಿ. ವರ್ ಅನ್ನೋದು ಬ್ರೇಸ್‌ಗಳನ್ನ ಲೆಕ್ಕಕ್ಕೇ ಇಡದೆ ಇಡೀ ಫಂಕ್ಷನ್ ತುಂಬ ಹರಡುತ್ತೆ. ಅದರ ಬದಲಿಗೆ ಲೆಟ್, ಕಾನ್ಸ್ಟ್ ಬಂದಿದ್ದು 2015ರಲ್ಲಿ. ಇಪ್ಪತ್ತು ವರ್ಷ! ಹಳೇದನ್ನ ತೆಗೆಯೋಕೂ ಆಗಲಿಲ್ಲ, ತೆಗೆದರೆ ಅದನ್ನೇ ನಂಬಿರೋ ವೆಬ್ ಪುಟಗಳು ಮುರೀತವೆ. ಹಾಗಾಗಿ ಇವತ್ತಿಗೂ ಸುಮ್ಮನೆ ಒಂದು ಸ್ಕ್ರಿಪ್ಟ್ ಫೈಲ್ ಮಾಡಿ ಐ = 0 ಬರೆದರೆ ನನ್ನ ಗತಿಯೇ ನಿಮಗೂ. ಮಾಡ್ಯೂಲ್ ಆಗಿ ಬರೆದರೆ ಸ್ಟ್ರಿಕ್ಟ್ ಮೋಡ್ ತಾನಾಗೇ ಆನ್ ಆಗುತ್ತೆ, ಅಷ್ಟೇ ಪುಣ್ಯ.

ಫೋರ್ಟ್ರಾನ್ ಕಥೆ ಇನ್ನೂ ಹಳೇದು. 1957ರ ಭಾಷೆ. ಹೆಸರು ಐ ಇಂದ ಎನ್‌ವರೆಗಿನ ಇಂಗ್ಲಿಷ್ ಅಕ್ಷರದಲ್ಲಿ ಶುರುವಾದ್ರೆ ಅದು ಪೂರ್ಣಾಂಕ, ಬೇರೆ ಅಕ್ಷರವಾದ್ರೆ ದಶಮಾಂಶ, ಅಂದ್ರೆ ಅವರ ಭಾಷೆಯಲ್ಲಿ ರಿಯಲ್. ಹಾಗಾಗಿ "ಗಾಡ್ ಈಸ್ ರಿಯಲ್, ಇಂಟೀಜರ್ ಅಂತ ಡಿಕ್ಲೇರ್ ಮಾಡದಿದ್ರೆ" ಅಂತ ಹಳೇ ಪ್ರೋಗ್ರಾಮರ್‌ಗಳ ಜೋಕ್ ಇದೆ. ಡಿಕ್ಲೇರ್ ಮಾಡದ ಹೆಸರು ಕಂಡರೆ ನಿಲ್ಲಿಸು ಅನ್ನೋ ಇಂಪ್ಲಿಸಿಟ್ ನನ್ ಅನ್ನೋ ಸಾಲು ಫೋರ್ಟ್ರಾನ್ 90ರಲ್ಲಿ ಸ್ಟ್ಯಾಂಡರ್ಡ್‌ಗೆ ಸೇರಿತು. ಅದನ್ನೂ ನಾವೇ ನೆನಪಿಟ್ಟು ಬರೀಬೇಕು. ಮರೆವನ್ನ ತಡೆಯೋ ಸಾಲನ್ನೇ ಮರೆತರೆ ಏನು ಮಾಡೋದು?

ಬ್ಯಾಷ್‌ನಲ್ಲೂ ಹೀಗೇ, ಲುವಾದಲ್ಲೂ ಬಹುಕಾಲ ಹೀಗೇ. ಲೋಕಲ್ ಅನ್ನೋ ಪದ ಮರೆತರೆ ಊರಿಗೆಲ್ಲ ಕಾಣುತ್ತೆ.

5/8

ಈಗ ನನ್ನ ಮುಖ್ಯ ಸಾಕ್ಷಿ. ಜೂನಿಯರ್‌ಗೆ ಅವತ್ತು ರಾತ್ರಿ ನಾನು ಹೇಳಿದ ಕಥೆಯೂ ಇದೇ.

ವೆಬ್‌ಸೈಟ್ ವಿಳಾಸದ ಪಕ್ಕ ಬೀಗದ ಚಿತ್ರ ನೋಡಿರ್ತೀರಲ್ಲ, ಅದರ ಹಿಂದೆ ಒಂದು ಸರ್ಟಿಫಿಕೇಟ್ ಇರುತ್ತೆ. ಅದನ್ನ ಉಚಿತವಾಗಿ ಕೊಡೋ ಸಂಸ್ಥೆ ಲೆಟ್ಸ್ ಎನ್‌ಕ್ರಿಪ್ಟ್. ಯಾವ ಸಂಸ್ಥೆ ತನಗೆ ಸರ್ಟಿಫಿಕೇಟ್ ಕೊಡಬಹುದು ಅಂತ ಸೈಟ್‌ನ ಮಾಲೀಕ ಡಿಎನ್‌ಎಸ್‌ನಲ್ಲಿ ಬರೆದಿಡಬಹುದು. ಕೊಡುವ ಮುಂಚೆ ಅದನ್ನ ನೋಡಲೇಬೇಕು. ಒಂದೇ ಅರ್ಜಿಯಲ್ಲಿ ಹತ್ತು ಡೊಮೇನ್ ಇದ್ದರೆ ಹತ್ತನ್ನೂ ನೋಡಬೇಕು.

2020ರ ಫೆಬ್ರವರಿ 29ರಂದು ಅವರಿಗೆ ಗೊತ್ತಾಯ್ತು: ಮರುಪರಿಶೀಲನೆ ಮಾಡುವಾಗ ಅವರ ಸಾಫ್ಟ್‌ವೇರ್ ಹತ್ತು ಡೊಮೇನ್‌ಗಳನ್ನ ಒಂದೊಂದು ಸಲ ನೋಡ್ತಿರಲಿಲ್ಲ, ಒಂದೇ ಡೊಮೇನನ್ನ ಹತ್ತು ಸಲ ನೋಡ್ತಿತ್ತು.

ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನನ್ನ ಏಳನೇ ಹುಡುಗ!

ಕಾರಣದಲ್ಲೂ ಬಂಧುತ್ವ ಇದೆ. ಆ ಸಾಫ್ಟ್‌ವೇರ್ ಗೋ ಭಾಷೆಯಲ್ಲಿದೆ. ಗೋದಲ್ಲಿ ಆಗ ಲೂಪಿನ ವೇರಿಯಬಲ್ ಪ್ರತಿ ಸುತ್ತಿಗೂ ಹೊಸದಾಗಿ ಹುಟ್ಟುತ್ತಿರಲಿಲ್ಲ. ಇಡೀ ಲೂಪಿಗೆ ಒಂದೇ ಡಬ್ಬಿ, ಪ್ರತಿ ಸುತ್ತಿನಲ್ಲೂ ಅದರೊಳಗಿನ ಬೆಲೆ ಮಾತ್ರ ಬದಲು. ಆ ಡಬ್ಬಿಯ ವಿಳಾಸವನ್ನ ಹತ್ತು ಸಲ ಬರೆದಿಟ್ಕೊಂಡ್ರೆ ಹತ್ತೂ ಒಂದೇ ಡಬ್ಬಿಯನ್ನ ತೋರಿಸುತ್ತವೆ. ಅದರೊಳಗೆ ಇರೋದು ಕೊನೆಯದಾಗಿ ಹಾಕಿದ ಬೆಲೆ. ಓದುವವರ ಕಣ್ಣಿಗೆ ಮಾತ್ರ ಹತ್ತು ಬೇರೆ ಬೇರೆ ಹೆಸರು ಅನ್ನಿಸುತ್ತೆ.

30 ಲಕ್ಷಕ್ಕೂ ಹೆಚ್ಚು ಸರ್ಟಿಫಿಕೇಟ್‌ಗಳಿಗೆ ಇದು ತಟ್ಟಿತು. ರದ್ದು ಮಾಡ್ತೀವಿ, ಬೇಗ ಹೊಸದು ಪಡೀರಿ ಅಂತ ಪ್ರಕಟಿಸಿದರು. ಗಡುವಿನೊಳಗೆ ಸುಮಾರು 17 ಲಕ್ಷ ರದ್ದಾದವು. ಉಳಿದ ಸೈಟ್‌ಗಳು ಕೆಡೋದು ಬೇಡ ಅಂತ ಮಿಕ್ಕವನ್ನ ಬಿಟ್ಟರು.

ಅದನ್ನ ಬರೆದವರಿಗೆ "ಬೇಸಿಕ್ಸ್" ಇರಲಿಲ್ವಾ? ಇಂಟರ್ನೆಟ್‌ನ ಬೀಗ ಮಾಡೋರು ಅವರು. ರೂಲ್ ಗೊತ್ತಿರೋದಕ್ಕೂ ಪ್ರತಿ ಸಾಲಿನಲ್ಲೂ ನೆನಪಾಗೋದಕ್ಕೂ ವ್ಯತ್ಯಾಸ ಇದೆ.

ಗೋ ತಂಡ ಆಮೇಲೆ ಮಾಡಿದ್ದು ನನಗೆ ತುಂಬ ಇಷ್ಟ. "ಎಲ್ಲರೂ ಹುಷಾರಾಗಿರಿ" ಅಂತ ಬೋರ್ಡ್ ಹಾಕಿ ಕೂರಲಿಲ್ಲ. 2024ರ ಫೆಬ್ರವರಿಯ ಗೋ 1.22ರಲ್ಲಿ ನಿಯಮವನ್ನೇ ಬದಲಿಸಿದರು, ಪ್ರತಿ ಸುತ್ತಿಗೂ ಹೊಸ ವೇರಿಯಬಲ್. ಹಳೇ ಕೋಡ್ ಮುರಿಯಬಾರದಲ್ಲ, ಅದಕ್ಕೆ ಪ್ರಾಜೆಕ್ಟ್‌ನ ಫೈಲಿನಲ್ಲಿ 1.22 ಅಥವಾ ಅದಕ್ಕಿಂತ ಹೊಸ ಆವೃತ್ತಿ ಅಂತ ಬರೆದಿದ್ರೆ ಮಾತ್ರ ಹೊಸ ನಿಯಮ. ಸಿ ಶಾರ್ಪ್ ಕೂಡ 2012ರಲ್ಲಿ ತನ್ನ ಫೋರ್‌ಈಚ್ ಲೂಪಿಗೆ ಇದೇ ರಿಪೇರಿ ಮಾಡಿತ್ತು. ಓಡ್ತಿರೋ ಭಾಷೆಯ ಅರ್ಥವನ್ನ ಬದಲಿಸೋದು ಅಂದ್ರೆ ಓಡೋ ಬಸ್ಸಿನ ಚಕ್ರ ಬದಲಿಸಿದ ಹಾಗೆ. ಆದರೂ ಮಾಡಿದರು ಅಂದ್ರೆ, ತಪ್ಪು ಬರೆಯುವವರದ್ದಲ್ಲ, ನಮ್ಮದು ಅಂತ ಒಪ್ಪಿದ ಹಾಗೇ ತಾನೇ?

6/8

ಇಲ್ಲಿವರೆಗೆ ಒಂದು ಫೈಲಿನ ಒಳಗಿನ ಮಾತಾಯ್ತು. ಫೈಲ್ ದಾಟಿದ್ರೆ ನೇಮ್‌ಸ್ಪೇಸ್.

ಇದು ನಮಗೆ ಹೊಸದೇನಲ್ಲ. ಪ್ರತಿ ಮನೆಯಲ್ಲೂ ಒಬ್ಬಳು ಪುಟ್ಟಿ ಇರ್ತಾಳೆ. ಮನೆಯೊಳಗೆ "ಪುಟ್ಟೀ" ಅಂದ್ರೆ ಗೊಂದಲ ಇಲ್ಲ. ಮದುವೆ ಛತ್ರದಲ್ಲಿ ಮೈಕ್ ಹಿಡಿದು ಹಾಗೆ ಕರೆದು ನೋಡಿ, ಹತ್ತು ಜನ ತಿರುಗ್ತಾರೆ. ಕ್ಲಾಸಲ್ಲಿ ಮೂವರು ಸಿಂಚನಾ ಇದ್ದರೆ ಬಿ., ಜಿ.ಆರ್., ಎಂ. ಅಂತ ಇನಿಷಿಯಲ್ ಸೇರಿಸ್ತೀವಿ. ಅಪ್ಪನ ಹೆಸರು, ಊರ ಹೆಸರು ಸೇರಿಸಿ ಕರೆಯೋ ಪದ್ಧತಿ ಇರೋದೂ ಇದಕ್ಕೇ. ಒಳಗೆ ಚಿಕ್ಕ ಹೆಸರು, ಹೊರಗೆ ಉದ್ದದ ಹೆಸರು.

ಆದರೆ ನಮಗೆ ಪಾಠ ಹೇಳೋದು ಹೇಗೆ? ಸಿ ಪ್ಲಸ್ ಪ್ಲಸ್ ಪ್ರೋಗ್ರಾಂನ ಎರಡನೇ ಸಾಲು ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ. ಯಾಕೆ ಅಂತ ಕೇಳಿದ್ರೆ "ಬರಿ, ಇಲ್ದಿದ್ರೆ ಓಡಲ್ಲ". ಟರ್ಬೋ ಸಿ ಪ್ಲಸ್ ಪ್ಲಸ್‌ನ ನೀಲಿ ಸ್ಕ್ರೀನಿನ ಕಾಲದಲ್ಲಿ ಆ ಸಾಲೇ ಇರಲಿಲ್ಲ, ಹೊಸ ಕಂಪೈಲರ್‌ಗೆ ಬಂದಾಗ ಮಂತ್ರದ ಹಾಗೆ ಅಂಟಿಸ್ಕೊಂಡ್ವಿ. ಆ ಸಾಲು ಮಾಡೋ ಕೆಲಸ ಇಷ್ಟೇ: ಲೈಬ್ರರಿಯವರು ಕಷ್ಟಪಟ್ಟು ಹಾಕಿದ್ದ ಗೋಡೆಯನ್ನ ಪೂರ್ತಿ ಕೆಡವೋದು. ಆಮೇಲೆ ಅಲ್ಗಾರಿದಂ ಹೆಡರ್ ಸೇರಿಸಿ, ಮೇಲೆ ಕೌಂಟ್ ಅಂತ ಒಂದು ಗ್ಲೋಬಲ್ ವೇರಿಯಬಲ್ ಇಟ್ಟು ಬಳಸಿ ನೋಡಿ. ಯಾವ ಕೌಂಟ್, ನಿನ್ನದಾ ಲೈಬ್ರರಿಯದ್ದಾ ಅಂತ ಕಂಪೈಲರ್ ತಲೆ ಕೆರ್ಕೊಳ್ಳುತ್ತೆ. ಗೋಡೆ ಕೆಡವೋದನ್ನ ಕಲಿಸಿ, ಗೋಡೆ ಯಾಕಿತ್ತು ಅಂತ ಕಲಿಸದೇ ಇರೋದು ಯಾವ ಬೇಸಿಕ್ಸ್?

ಪೈಥಾನ್‌ನವರೂ ನಗಬೇಡಿ. ರ‍್ಯಾಂಡಮ್ ಮಾಡ್ಯೂಲ್ ಪ್ರಾಕ್ಟೀಸ್ ಮಾಡೋಕೆ ಹೊರಟು ನಿಮ್ಮ ಫೈಲಿಗೇ ರ‍್ಯಾಂಡಮ್ ಡಾಟ್ ಪಿವೈ ಅಂತ ಹೆಸರಿಟ್ಟು ಸೇವ್ ಮಾಡಿದವರು ಕೈ ಎತ್ತಿ. ನಾನೂ ಎತ್ತಿದ್ದೀನಿ. ಇಂಪೋರ್ಟ್ ಮಾಡಿದ್ರೆ ಬರೋದು ನಮ್ಮದೇ ಫೈಲ್, ಅದರಲ್ಲಿ ಬೇಕಾದ ಫಂಕ್ಷನ್ ಇಲ್ಲ, ಎರರ್. ವರ್ಷಗಟ್ಟಲೆ ಎಲ್ಲರೂ ಇಲ್ಲಿ ಬಿದ್ದರು. 2024ರ ಪೈಥಾನ್ 3.13ರಲ್ಲಿ ಎರರ್ ಜೊತೆಗೇ ಸುಳಿವು ಬರುತ್ತೆ: ನಿನ್ನ ಫೈಲಿನ ಹೆಸರು ಲೈಬ್ರರಿಯ ಹೆಸರೇ ಆಗಿದೆ, ಬದಲಿಸಿ ನೋಡು ಅಂತ. ಒಂದು ಸಾಲಿನ ಸೌಜನ್ಯ. ಜೂನಿಯರ್‌ನ ಎರರ್‌ಗೂ ಇಷ್ಟು ಹೇಳಬಹುದಿತ್ತು. ಈಗ ಬರೋ ಸಂದೇಶ ಈ ಲೋಕಲ್ ಹೆಸರಿಗೆ ಬೆಲೆ ಇಲ್ಲ ಅನ್ನುತ್ತೆ. ಅದು ಲೋಕಲ್ ಆಗಿದ್ದು ಯಾವ ಸಾಲಿನಿಂದ ಅಂತ ಹೇಳಲ್ಲ. ಅವಳಿಗೆ ಬೇಕಿದ್ದದ್ದು ಅದೊಂದೇ.

7/8

ಇಡೀ ಪ್ರಪಂಚಕ್ಕೇ ಒಂದು ಗ್ಲೋಬಲ್ ಸ್ಕೋಪ್ ಮಾಡಿದ್ರೆ? ಮಾಡಿದ್ದಾರೆ. ಎನ್‌ಪಿಎಂ.

ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಆ ಉಗ್ರಾಣದಲ್ಲಿ ಶುರುವಿನಿಂದ ಹೆಸರುಗಳೆಲ್ಲ ಒಂದೇ ಸಾಲಿನಲ್ಲಿ. ಮೊದಲು ಬಂದವನಿಗೆ ಹೆಸರು. 2016ರ ಮಾರ್ಚ್‌ನಲ್ಲಿ ಕಿಕ್ ಅನ್ನೋ ಹೆಸರಿಗೆ ಒಬ್ಬ ಡೆವಲಪರ್‌ಗೂ ಅದೇ ಹೆಸರಿನ ಕಂಪನಿಗೂ ಜಗಳ ಆಯ್ತು. ಎನ್‌ಪಿಎಂ ಹೆಸರನ್ನ ಕಂಪನಿಗೆ ಕೊಟ್ಟಿತು. ಆತ ಬೇಸರದಿಂದ ತನ್ನ ಎಲ್ಲ ಪ್ಯಾಕೇಜ್‌ಗಳನ್ನ ತೆಗೆದುಬಿಟ್ಟ. ಅದರಲ್ಲಿ ಲೆಫ್ಟ್‌ಪ್ಯಾಡ್ ಅಂತ 11 ಸಾಲಿನ ಒಂದು ಚೂರು ಇತ್ತು. ಅದನ್ನ ನೇರವಾಗಿಯೋ ಬಳಸಿಯೋ ಕಟ್ಟಿದ್ದ ದೊಡ್ಡ ದೊಡ್ಡ ಪ್ರಾಜೆಕ್ಟ್‌ಗಳ ಬಿಲ್ಡ್ ಆ ದಿನ ಮುರಿದವು. ಎಲ್ಲರೂ ಇದನ್ನ "11 ಸಾಲಿಗೂ ಪ್ಯಾಕೇಜ್ ಬೇಕಾ" ಅನ್ನೋ ಕಥೆಯಾಗಿ ಹೇಳ್ತಾರೆ. ನನ್ನ ಪ್ರಕಾರ ಜಗಳ ಶುರುವಾಗಿದ್ದು ಹೆಸರಿನ ಜಾಗದಲ್ಲಿ. ಮಾಲೀಕನ ಹೆಸರು ಮುಂದೆ ಬರೋ ಪದ್ಧತಿ ಕಡ್ಡಾಯ ಇದ್ದಿದ್ರೆ ಇಬ್ಬರ ಕಿಕ್‌ಗೂ ಜಾಗ ಇತ್ತು. ಆ ಸೌಲಭ್ಯ ಎನ್‌ಪಿಎಂನಲ್ಲಿ ಆಗಲೇ ಬಂದಿತ್ತು ಕೂಡ, ಆದರೆ ಬೇಕಾದವರಿಗೆ ಮಾತ್ರ.

2021ರಲ್ಲಿ ಅಲೆಕ್ಸ್ ಬಿರ್ಸನ್ ಅನ್ನೋ ಭದ್ರತಾ ಸಂಶೋಧಕ ಇನ್ನೂ ಭಯ ಹುಟ್ಟಿಸೋದು ತೋರಿಸಿದ. ಕಂಪನಿಗಳು ಒಳಗೊಳಗೇ ಬಳಸೋ ಪ್ಯಾಕೇಜ್‌ಗಳ ಹೆಸರು ಪತ್ತೆ ಮಾಡಿ, ಅದೇ ಹೆಸರಿನಲ್ಲಿ, ದೊಡ್ಡ ವರ್ಷನ್ ನಂಬರ್ ಹಾಕಿ, ಸಾರ್ವಜನಿಕ ಉಗ್ರಾಣದಲ್ಲಿ ತನ್ನ ಪ್ಯಾಕೇಜ್ ಇಟ್ಟ. ಟೂಲ್‌ಗಳು ನಂಬರ್ ದೊಡ್ಡದಿದೆ ಅಂತ ಅವನದನ್ನೇ ಎಳ್ಕೊಂಡವು. ಆಪಲ್, ಮೈಕ್ರೋಸಾಫ್ಟ್ ಸೇರಿ 35ಕ್ಕೂ ಹೆಚ್ಚು ಕಂಪನಿಗಳ ಒಳಗೆ ಅವನ ಕೋಡ್ ಓಡಿತು. ಅವನು ಒಳ್ಳೆಯವನು, ವರದಿ ಮಾಡಿ ಬಹುಮಾನ ತಗೊಂಡ. ಅದೇ ನನ್ನ ಒಟ್ಟು/ಒಟು ಕಥೆ, ಜಗತ್ತಿನ ಅಳತೆಯಲ್ಲಿ. ಹೆಸರು ಯಾರದ್ದು ಅಂತ ಯಾರೂ ಕೇಳಲಿಲ್ಲ.

ಜಾವಾದ ಉದ್ದುದ್ದ ಹೆಸರು ನೋಡಿ ನಾವು ನಗ್ತೀವಿ. ಕಾಮ್ ಡಾಟ್ ಕಂಪನಿ ಡಾಟ್ ಇನ್ನೇನೋ, ಡೊಮೇನ್ ತಿರುಗಿಸಿ ಬರೆಯೋ ಪದ್ಧತಿ. ಬೇಜಾರಿನ ಕೆಲಸ ನಿಜ. ಆದರೆ ಡೊಮೇನ್ ನಿನ್ನದಾಗಿದ್ರೆ ಹೆಸರೂ ನಿನ್ನದು, ಜಗಳಕ್ಕೆ ಜಾಗ ಇಲ್ಲ. ಈ ಒಂದು ವಿಷಯದಲ್ಲಿ ನಾನು ಜಾವಾ ಪಾರ್ಟಿ. ಅನ್‌ಫಾಲೋ ಮಾಡೋರು ಮಾಡಬಹುದು.

8/8

ಹಾಗಾದ್ರೆ ಒಳ್ಳೆ ಭಾಷೆ ಯಾವುದು ಅಂತ ಕೇಳಬೇಡಿ. ನಾನು ಹೊಸ ಭಾಷೆ ನೋಡಿದಾಗ ಮೊದಲು ಕೇಳೋದು ಒಂದೇ: ಒಂದು ಪದ ಮರೆತರೆ ಏನಾಗುತ್ತೆ? ಓಡೋ ಮುಂಚೆಯೇ ನಿಲ್ಲಿಸಿ ಹೇಳಿದ್ರೆ ಉತ್ತಮ. ಓಡುವಾಗ ಬಿದ್ದರೆ ಪರವಾಗಿಲ್ಲ. ಸದ್ದಿಲ್ಲದೆ ಊರಿಗೆಲ್ಲ ಹಂಚಿದ್ರೆ, ಅದನ್ನ ಮಾಡಿದವರ ಮೇಲೆ ನನಗೆ ಕೋಪ.

ಎಲ್ಲವನ್ನೂ ಡಿಕ್ಲೇರ್ ಮಾಡಿ ಅಂದ್ರೆ ಹೊಸಬರು ಓಡಿಹೋಗ್ತಾರೆ ಅನ್ನೋ ವಾದ ಇದೆ. ಅದರಲ್ಲಿ ಸತ್ಯ ಇದೆ. ಮೊದಲ ದಿನವೇ ಪೈಥಾನ್‌ನಲ್ಲಿ ಎರಡು ಸಾಲು ಬರೆದು ಉತ್ತರ ನೋಡಿದ ಖುಷಿಗೇ ನಾನೂ ಈ ಕಡೆ ಬಂದವಳು. ಆದರೆ ಒಂದು ಲೆಟ್ ಬರೆಯೋ ಕಷ್ಟ ಎಷ್ಟು, ಎರಡನೇ ತಿಂಗಳಲ್ಲಿ ಲ್ಯಾಬ್‌ನಲ್ಲಿ ಅತ್ತು ಹೊರಗೆ ಬರೋ ಕಷ್ಟ ಎಷ್ಟು? ಮೊದಲ ದಿನದ ಸುಲಭವನ್ನ ಸಾಲ ಕೊಟ್ಟು, ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡೋದು ಇದು.

ವೈವಾ ತಗೊಳ್ಳೋ ಸರ್, ಮೇಡಂ ಯಾರಾದ್ರೂ ಓದ್ತಿದ್ರೆ ಒಂದು ವಿನಂತಿ. "ಗ್ಲೋಬಲ್ ವೇರಿಯಬಲ್ ಅಂದ್ರೇನು" ಅಂತ ಡೆಫಿನಿಷನ್ ಕೇಳೋ ಬದಲು ಅವಳ ಸ್ಕ್ರೀನ್ ತೋರಿಸಿ "ಈ ಸಾಲು ಮೊದಲು ಓಡ್ತು, ಈಗ ಯಾಕೆ ಓಡ್ತಿಲ್ಲ?" ಅಂತ ಕೇಳಿ. ಅರ್ಧ ಗಂಟೆ ಅದರ ಮೇಲೇ ಮಾತಾಡಬಹುದು. ಉತ್ತರ ಗೊತ್ತಿಲ್ಲದವರು ನಮ್ಮ ಬ್ಯಾಚಲ್ಲೂ ಬೇಕಾದಷ್ಟು ಇದ್ದೀವಿ.

ಕೊನೆಯ ಫೋಟೋ ನಿನ್ನೆ ಸಂಜೆಯದ್ದು. ಅವಳು ಅದೇ ಪ್ರೋಗ್ರಾಂ ಮತ್ತೆ ಬರೆದಿದ್ದಾಳೆ. ಗ್ಲೋಬಲ್ ಅನ್ನೋ ಪದ ಹಾಕಿಲ್ಲ. ಎಣಿಕೆಯನ್ನ ಫಂಕ್ಷನ್ ಒಳಗೇ ಹುಟ್ಟಿಸಿ, ಅಲ್ಲೇ ಎಣಿಸಿ, ರಿಟರ್ನ್ ಮಾಡಿದ್ದಾಳೆ. ನಾನು ಹೇಳಿಕೊಟ್ಟಿದ್ದಲ್ಲ. ಬ್ರಾಂಚ್ ಫಾರ್ಮ್ ವಿಷಯ ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಅಕ್ಕಾ, ಲೂಪ್ ಮುಗಿದ ಮೇಲೂ ಆ ಲೂಪಿನ ವೇರಿಯಬಲ್ ಪ್ರಿಂಟ್ ಮಾಡಿದ್ರೆ ಬೆಲೆ ಬರ್ತಿದೆ. ಅದು ಸತ್ತಿರಬೇಕಿತ್ತಲ್ವಾ?" ಅಂದಳು.

ಪೈಥಾನ್‌ನಲ್ಲಿ ಅದು ಸಾಯಲ್ಲ. ಯಾಕೆ ಅಂತ ಕಂತು 12ರಲ್ಲಿ, ಅವಳೇ ಬರೀತಾಳಂತೆ.

#ಲ್ಯಾಬ್‌ನಿಂದಾಚೆ #ಕನ್ನಡದಲ್ಲಿ_ಕೋಡ್